ಕುದುರೆಗೂ ಕಾಲುನೋವು

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಆಡದ ಕನ್ನಡಿಗರಿಲ್ಲ. ಅದರಲ್ಲಿ ಕುದುರೆಯ ಕಾಲಿನ ಮಾತೇ ಬರುವುದಿಲ್ಲ. ನೋವೆಲ್ಲ ನಡೆಯಲಾರದ ಸೋಮಾರಿಯದು. ಸಂಡೂರು, ಹೊಸಪೇಟೆ, ಕಂಪ್ಲಿ ಕಡೆಯ ಮದುವೆ ಮೆರವಣಿಗೆಗಳಲ್ಲಿ ಈ ಗಾದೆ ಕಣ್ಣಿಗೇ ಕಾಣುತ್ತದೆ. ಹಣೆಗೆ ಕುಚ್ಚು, ಬೆನ್ನಿಗೆ ಜರಿ ಹೊದಿಕೆ, ಕಾಲಿಗೆ ಗೆಜ್ಜೆ ಕಟ್ಟಿಸಿಕೊಂಡ ಬಿಳಿ ಕುದುರೆ ಕಲ್ಯಾಣ ಮಂಟಪಕ್ಕೆ ಇನ್ನೂ ಅರ್ಧ ಕಿಲೋಮೀಟರು ಇರುವಾಗಲೇ ಡಿಜೆ ಪೆಟ್ಟಿಗೆಗಳ ಹಿಂದೆ ಸಿಕ್ಕಿಬಿದ್ದಿರುತ್ತದೆ. ಹುಡುಗರು ಕುಣಿದು ದಣಿಯುವವರೆಗೆ ಮೆರವಣಿಗೆ ಹತ್ತು ಹೆಜ್ಜೆಯೂ ಸಾಗುವುದಿಲ್ಲ. ಮದುಮಗ ಶೇರವಾನಿಯೊಳಗೆ ಬೆವರುತ್ತಾ ಜೀನಿನ ಮೇಲೆ ಒಂದೇ ಪಕ್ಕಕ್ಕೆ ವಾಲಿರುತ್ತಾನೆ. ಕೆಳಗೆ ಕುದುರೆ ಒಂದು ಹಿಂಗಾಲನ್ನು ಸಡಿಲಿಸಿ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸುತ್ತದೆ. ಮರುಕ್ಷಣ ಅದನ್ನು ಊರಿ ಇನ್ನೊಂದನ್ನು ಸಡಿಲಿಸುತ್ತದೆ, ಮತ್ತೆ ಮೊದಲಿನದು. ನಿಶ್ಚಿಂತವಾಗಿ ನಿಂತ ಕುದುರೆಯೂ ಒಂದು ಹಿಂಗಾಲಿಗೆ ಬಿಡುವು ಕೊಡುತ್ತದೆ. ಆದರೆ ಹೀಗೆ ಚಡಪಡಿಸುತ್ತಾ ಅದಲುಬದಲು ಮಾಡುವುದಿಲ್ಲ. ಬೆನ್ನೋ ಸೊಂಟವೋ ಕಾಲೋ ನೋಯುತ್ತಿದೆ ಎಂದು ಹೇಳಲು ಅದಕ್ಕಿರುವ ದಾರಿಗಳಲ್ಲಿ ಅದೂ ಒಂದು. ಮೊಬೈಲು ಹಿಡಿದವರ ಗಮನವೆಲ್ಲ ಮದುಮಗನ ಮೇಲೆ.

ಇಂಥ ಕುದುರೆಗೆ ಮಾಲೀಸು ಮಾಡಿಸಬೇಕು ಎಂದರೆ ನಗುವವರೇ ಹೆಚ್ಚು. ಮನುಷ್ಯರಿಗೇ ಸಿಗದ ಸೇವೆ ಪ್ರಾಣಿಗೆ ಯಾಕೆ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಮೆರಿಕ ಮತ್ತು ಯುರೋಪುಗಳಲ್ಲಿ ಕುದುರೆಯ ಅಂಗಮರ್ದನ ದಶಕಗಳಿಂದ ಒಂದು ವೃತ್ತಿ. ಅದಕ್ಕೆ ಕೋರ್ಸುಗಳಿವೆ, ಪ್ರಮಾಣಪತ್ರಗಳಿವೆ, ಗಂಟೆಯ ಲೆಕ್ಕದ ಶುಲ್ಕವಿದೆ. ನಮ್ಮಲ್ಲಿ ಆ ಮಾತು ಎದ್ದರೆ ಅದು ರೇಸು, ಸವಾರಿ ಶಾಲೆಗಳ ಶ್ರೀಮಂತರ ಶೋಕಿ ಎಂದು ಪಕ್ಕಕ್ಕೆ ತಳ್ಳುತ್ತಾರೆ. ಹಾಗೆ ತಳ್ಳುವುದು ತಪ್ಪು. ಈ ವಿದ್ಯೆ ಹೆಚ್ಚು ಬೇಕಾಗಿರುವುದು ಮದುವೆ ಕುದುರೆಗೆ, ಟಾಂಗಾ ಕುದುರೆಗೆ, ಕುರಿಗಾರರ ಗಂಟುಮೂಟೆ ಹೊರುವ ತಟ್ಟುವಿಗೆ. ಅದನ್ನು ಕಲಿಯಬೇಕಾದವರು ಹೊರಗಿನಿಂದ ಬರುವ ತಜ್ಞರೂ ಅಲ್ಲ. ಆ ಕುದುರೆಗಳ ಜೊತೆಗೇ ಬದುಕುವ ಸೈಸುಗಳು, ಅಂದರೆ ಲಾಯದ ಆಳುಗಳು.

ಈ ವಾದ ಹೂಡಲು ಹಂಪಿಯ ಸೀಮೆಗಿಂತ ತಕ್ಕ ಜಾಗ ಇಲ್ಲ. ಹಜಾರ ರಾಮ ದೇವಾಲಯದ ಪ್ರಾಕಾರದ ಹೊರಗೋಡೆಯಲ್ಲಿ ಆನೆಗಳ ಸಾಲಿನ ಮೇಲೆ ಕುದುರೆಗಳ ಸಾಲು ಕೆತ್ತಿದ್ದಾರೆ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದುಕೊಂಡು ಬಂದ ಪರದೇಶಿಗಳಿದ್ದಾರೆ. ವಿಠ್ಠಲ ದೇವಾಲಯಕ್ಕೆ ಹೋಗುವ ಹಾದಿಯ ಮಂಟಪಕ್ಕೆ ಕುದುರೆ ಗೊಂಬೆ ಮಂಟಪ ಎಂದೇ ಹೆಸರು. ಅಷ್ಟೊಂದು ಕುದುರೆಗಳಲ್ಲಿ ಹಲವು ಬಂದದ್ದು ಸಮುದ್ರ ದಾಟಿ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನ್ಯೂನಿಜ್‌, ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರು ಎನ್ನುತ್ತಾನೆ. ಅದರಲ್ಲಿ ಪರ್ಷಿಯಾ ಕೊಲ್ಲಿಯ ಹೊರ್ಮುಜಿನವೂ ಇದ್ದವು, ನಾಡತಳಿಗಳೂ ಇದ್ದವು. ಸಾಳುವ ನರಸಿಂಹನ ಕಾಲದ ವ್ಯವಹಾರ ಇನ್ನೂ ವಿಚಿತ್ರ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಗೆ ಕೊಡುವಷ್ಟೇ ಹಣ ಎಣಿಸುತ್ತಿದ್ದರಂತೆ! ವ್ಯಾಪಾರಿಗಳು ಬೇರೆ ಕಡೆ ಹೋಗದಿರಲಿ ಎಂಬ ಜಾಣತನ ಅದು.

ನ್ಯೂನಿಜ್‌ ಕೊಡುವ ಇನ್ನೊಂದು ಲೆಕ್ಕ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಅರಮನೆಯ ಕುದುರೆಗಳನ್ನು ನೋಡಿಕೊಳ್ಳಲು 1,600 ಮಂದಿ, ಪಳಗಿಸಲು 300 ಮಂದಿ ಇದ್ದರು. ಕುದುರೆಯ ಬೆಲೆ ಎಷ್ಟು ವರಹ ಎಂಬುದು ಇತಿಹಾಸದ ಪುಸ್ತಕಗಳಲ್ಲಿ ದಾಖಲಾಯಿತು. ಆ 1,600 ಜನರ ಕೈಗೆ ಏನು ಗೊತ್ತಿತ್ತು, ದಣಿದು ಬಂದ ಕುದುರೆಯ ಬೆನ್ನಿನ ಮೇಲೆ ಅವರು ಮೊದಲು ಎಲ್ಲಿ ಕೈಯಿಡುತ್ತಿದ್ದರು ಎಂಬುದನ್ನು ಆತ ಬರೆಯಲಿಲ್ಲ. ಅರಸನ ಮೈಯ ಬಗ್ಗೆ ಮಾತ್ರ ವಿವರಕ್ಕೆ ಬರವಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾವನ್ನು ಸಾಂಗವಾಗಿ ವರ್ಣಿಸಿದ್ದಾನೆ: ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿಯುವುದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುವುದು, ಭಾರ ಎತ್ತಿ ಕತ್ತಿ ಬೀಸಿ ಆ ಎಣ್ಣೆ ಬೆವರಾಗಿ ಇಳಿಯುವವರೆಗೆ ಸಾಮು ಮಾಡುವುದು, ಕುಸ್ತಿ ಹಿಡಿಯುವುದು, ಆಮೇಲೆ ಕುದುರೆ ಏರಿ ಬಯಲಲ್ಲಿ ಓಡಿಸುವುದು. ರಾಯನಿಗೆ ಎಣ್ಣೆಮಜ್ಜನ ಆಯಿತು, ಬಯಲಲ್ಲಿ ಓಡಿ ಬಂದ ಕುದುರೆಗೆ ಏನಾಯಿತು ಎಂದು ಪಾಯೆಸನನ್ನು ಕೇಳುವವರಿರಲಿಲ್ಲ.

ಕುದುರೆಯ ಆರೈಕೆ ಈ ನಾಡಿಗೆ ಹೊಸ ವಿದ್ಯೆಯೇನಲ್ಲ. ಶಾಲಿಹೋತ್ರನ ಹೆಸರಿನ ಸಂಸ್ಕೃತ ಪರಂಪರೆ ಬಹು ಹಳೆಯದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಯ ಲಕ್ಷಣ, ಪಳಗಿಸುವ ಬಗೆ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟ ಎಲ್ಲವೂ ಇವೆ. ಕನ್ನಡದಲ್ಲೇ ಅಶ್ವವೈದ್ಯದ ಗ್ರಂಥಗಳು ಹುಟ್ಟಿದವು. ಸಂಡೂರಿನ ಮಟ್ಟಿಗೆ ಹೇಳುವುದಾದರೆ, 1949ರವರೆಗೆ ಇದನ್ನು ಆಳಿದ ಘೋರ್ಪಡೆಗಳು ಕುದುರೆಯ ಬೆನ್ನಿನ ಮೇಲೇ ಸಂಸ್ಥಾನ ಕಟ್ಟಿದ ಮರಾಠರು. ಅದೇ ಮನೆತನದ ಗುತ್ತಿಯ ಮುರಾರಿ ರಾವ್ 1751ರ ಆರ್ಕಾಟಿನ ಮುತ್ತಿಗೆಯಲ್ಲಿ ಬ್ರಿಟಿಷ್ ಸೇನಾನಿ ಕ್ಲೈವನ ಬೆಂಬಲಕ್ಕೆ ಬಂದದ್ದು ಸಾವಿರಾರು ಸವಾರರೊಡನೆ. ಇಂಥ ದಳಗಳು ದಿನಗಟ್ಟಲೆ ಸಾಗಬೇಕಾದರೆ ಕುದುರೆಯ ಬೆನ್ನು ಉಳಿಯಬೇಕು. ಬೆನ್ನು ಹುಣ್ಣಾದ ಕುದುರೆಯನ್ನು ಇಟ್ಟುಕೊಂಡ ಸವಾರ ಕಾಲಾಳಿಗಿಂತ ಕಡೆ.

ಅಶ್ವದಳಗಳಲ್ಲಿ ಹಳೆಯ ಪದ್ಧತಿಯೊಂದಿತ್ತು. ದೂರದ ಸವಾರಿ ಮುಗಿಸಿ ಬಂದ ಕೂಡಲೇ ಜೀನು ಕಿತ್ತು ಬಿಸಾಡುತ್ತಿರಲಿಲ್ಲ. ಹೊಟ್ಟೆಪಟ್ಟಿ ಸಡಿಲಿಸಿ, ಬೆನ್ನು ನಿಧಾನವಾಗಿ ಆರಲು ಬಿಟ್ಟು, ಆಮೇಲೆ ಜೀನು ತೆಗೆದು, ಅದು ಒತ್ತಿದ ಜಾಗವನ್ನು ಅಂಗೈಯಿಂದ ತಟ್ಟಿ ತಿಕ್ಕಿ ರಕ್ತ ಹರಿಯುವಂತೆ ಮಾಡುತ್ತಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದ ಮೈಸೂರು ಲ್ಯಾನ್ಸರ್ಸ್‌ನಂಥ ಪಡೆಗಳ ದಿನಚರಿಯೆಂದರೆ ಕುದುರೆ ಮೊದಲು, ಸವಾರನ ಊಟ ಆಮೇಲೆ. ರೇಸ್ ಲಾಯಗಳಲ್ಲಿ ಇವತ್ತಿಗೂ ಸೈಸುಗಳು ಬೆಳಗಿನ ಓಟ ಮುಗಿಸಿ ಬಂದ ಕುದುರೆಯನ್ನು ಬ್ರಶ್ಶು, ಒಣಹುಲ್ಲಿನ ಸಿಂಬೆ, ಮುಂಗೈಗಳಿಂದ ಉಜ್ಜಿ ಹೊಳಪು ತರುತ್ತಾರೆ. ‘ಮಾಲೀಸು’ ಅದರ ಹೆಸರು. ಅದನ್ನು ಯಾರೂ ಚಿಕಿತ್ಸೆ ಎನ್ನಲಿಲ್ಲ. ಮಾಡುವವನನ್ನು ಚಿಕಿತ್ಸಕ ಎನ್ನಲಿಲ್ಲ. ಸಂಬಳವೂ ಹಾಗೆಯೇ ಇದೆ.

ಈ ಕೆಲಸಕ್ಕೆ ಅಂಗರಚನೆಯ ಲೆಕ್ಕ ಸೇರಿಸಿ ವೃತ್ತಿಯ ರೂಪ ಕೊಟ್ಟವರಲ್ಲಿ ಅಮೆರಿಕದ ಜ್ಯಾಕ್ ಮೀಗರ್ ಮೊದಲಿಗ. ಕ್ರೀಡಾಪಟುಗಳ ಸ್ನಾಯು ಸಡಿಲಿಸುವ ಕೆಲಸ ಮಾಡುತ್ತಿದ್ದ ಆತ ಅದೇ ಕ್ರಮವನ್ನು ಕುದುರೆಗಳಿಗೆ ಒಗ್ಗಿಸಿದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಸುಮಾರಿಗೆ ಅಮೆರಿಕದ ಅಶ್ವಾರೋಹಿ ತಂಡಕ್ಕೆ ನೆರವಾದ, 1985ರಲ್ಲಿ ಆ ಕ್ರಮದ ಬಗ್ಗೆ ಪುಸ್ತಕ ಬರೆದ. ಈಗ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ಸ್ಪರ್ಧೆಗಳಲ್ಲಿ ಕುದುರೆಗೆ ಇಂಥ ಉಪಚಾರ ಮಾಡುವವರು ಒಕ್ಕೂಟದಲ್ಲಿ ನೋಂದಾಯಿಸಿರಬೇಕು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೀನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ 23ನೇ ಸ್ಥಾನ ಪಡೆದ ಬೆಂಗಳೂರಿನ ಫವಾದ್ ಮಿರ್ಜಾ ಸ್ಪರ್ಧಿಸುವ ಲೋಕ ಇದು. ಅಲ್ಲಿ ಸವಾರನ ಹಿಂದೆ ಪಶುವೈದ್ಯ, ಲಾಳ ಕಟ್ಟುವವ, ಸ್ನಾಯು ನೋಡಿಕೊಳ್ಳುವವ ಎಂದು ಒಂದು ಗುಂಪೇ ಇರುತ್ತದೆ.

ಹಾಗಾದರೆ ಆ ಸ್ನಾಯು ನೋಡಿಕೊಳ್ಳುವವ ಮಾಡುವುದಾದರೂ ಏನು? ಮೊದಲು ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಿ ನೋಡುತ್ತಾನೆ. ಹೆಜ್ಜೆಗಳು ಸಮವೇ, ತಿರುಗುವಾಗ ಒಂದು ಪಕ್ಕಕ್ಕೆ ಬಿಗಿಯುತ್ತದೆಯೇ, ತಲೆ ಮೇಲೆ ಕೆಳಗೆ ಆಡುತ್ತದೆಯೇ. ಆಮೇಲೆ ಎಡಪಕ್ಕದಲ್ಲಿ ನಿಂತು ಅಂಗೈಯನ್ನು ಕಿವಿಯ ಹಿಂದಿನಿಂದ ಕುತ್ತಿಗೆಗುಂಟ, ಹೆಗಲ ಮೇಲೆ, ಬೆನ್ನಿನಗುಂಟ, ಪಿರ್ರೆಯವರೆಗೆ ಒತ್ತಡವಿಲ್ಲದೆ ಎಳೆಯುತ್ತಾನೆ. ಈ ಮೊದಲ ಸುತ್ತು ಬರೀ ಪರೀಕ್ಷೆ. ಎಲ್ಲಿ ಬಿಸಿ, ಎಲ್ಲಿ ಊತ, ಎಲ್ಲಿ ಕಲ್ಲಿನಂಥ ಗಂಟು, ಎಲ್ಲಿ ಕೈ ಬಿದ್ದೊಡನೆ ಚರ್ಮ ಅದುರಿತು, ಇವನ್ನೆಲ್ಲ ಗುರುತು ಹಾಕಿಕೊಳ್ಳುತ್ತಾನೆ. ನೊಣ ಕೂತರೆ ಅಷ್ಟೇ ಜಾಗದ ಚರ್ಮ ನಡುಗಿಸಿ ಓಡಿಸಬಲ್ಲ ಪ್ರಾಣಿ ಕುದುರೆ. ಅಂಗೈಯ ಭಾರ ಅದಕ್ಕೆ ಸಣ್ಣದಲ್ಲ. ಎರಡನೇ ಸುತ್ತಿನಲ್ಲಿ ಕೆಲಸ ಶುರು. ಅಂಗೈಯ ಬುಡದಿಂದ ಸುತ್ತುಸುತ್ತಾಗಿ ನಾದುವುದು, ಬೆರಳುಗಳಿಂದ ಸ್ನಾಯುವಿನ ಎಳೆಗೆ ಅಡ್ಡಲಾಗಿ ತೀಡುವುದು, ಗಂಟಿನ ಮೇಲೆ ಹೆಬ್ಬೆರಳಿಟ್ಟು ಅದು ಸಡಿಲುವವರೆಗೆ ಕಾಯುವುದು. ಕುದುರೆ ಕಿವಿ ಹಿಂದಕ್ಕೆ ಒತ್ತಿದರೆ, ಬಾಲ ಬೀಸಿದರೆ, ಬೆನ್ನು ತಗ್ಗಿಸಿ ಕೈಯಿಂದ ಜಾರಿಕೊಂಡರೆ ಒತ್ತಡ ಹೆಚ್ಚಾಯಿತು ಎಂದರ್ಥ. ಹಿತವಾದಾಗ ಅದೂ ತಿಳಿಯುತ್ತದೆ. ತಲೆ ಕೆಳಗಿಳಿಯುತ್ತದೆ, ಕೆಳತುಟಿ ಜೋಲುತ್ತದೆ, ಏನೂ ತಿನ್ನದೆಯೂ ಬಾಯಿ ಚಪ್ಪರಿಸುತ್ತದೆ, ಮೂಗಿನಿಂದ ಉದ್ದ ಉಸಿರು ಬಿಡುತ್ತದೆ. ಒಬ್ಬೊಬ್ಬರ ಕೈಯಲ್ಲಿ ಇಡೀ ಕೆಲಸಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಕುದುರೆಯ ಮೈ ಕಟ್ಟಿರುವ ರೀತಿಯೇ ಇಂಥ ಆರೈಕೆಯನ್ನು ಬೇಡುತ್ತದೆ. ಮನುಷ್ಯನ ತೋಳು ಕಾಲರ್ ಬೋನ್ ಮೂಲಕ ಎದೆಗೂಡಿಗೆ ಕೀಲಿಸಿಕೊಂಡಿದೆ. ಕುದುರೆಗೆ ಆ ಮೂಳೆಯೇ ಇಲ್ಲ. ಮುಂಗಾಲುಗಳೆರಡೂ ಬರೀ ಸ್ನಾಯುಗಳಿಂದ ಮುಂಡಕ್ಕೆ ಅಂಟಿಕೊಂಡಿವೆ. ಎದೆಗೂಡು ಆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತದೆ. ದೇಹದ ತೂಕದ ಸುಮಾರು ಶೇ 60 ಬೀಳುವುದು ಮುಂಗಾಲುಗಳ ಮೇಲೆ. ಸವಾರ ಕುಳಿತರೆ ಅದಕ್ಕೂ ಮಿಗಿಲು. ಮೊಣಕಾಲಿನ ಕೆಳಗೆ ಹೇಳಿಕೊಳ್ಳುವಂಥ ಸ್ನಾಯುಗಳಿಲ್ಲ, ಬರೀ ನಾರು, ಮೂಳೆ, ಗೊರಸು. ಕೆಳಗೆ ಏನು ಹೆಚ್ಚುಕಡಿಮೆಯಾದರೂ ಮೇಲಿನ ಸ್ನಾಯುಗಳು ಅದರ ಸುಂಕ ಕಟ್ಟುತ್ತವೆ. ಬಲಗಾಲಿನ ಲಾಳ ಸವೆದ ಕುದುರೆಗೆ ಕೆಲವು ವಾರ ಕಳೆದ ಮೇಲೆ ಎಡಹೆಗಲು ಬಿಗಿದುಕೊಂಡರೆ ಆಶ್ಚರ್ಯವಿಲ್ಲ. ಇನ್ನು ಬೇಟೆಗೆ ಬಲಿಯಾಗುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಡುವುದು ಕುದುರೆಗೆ ರಕ್ತಗತ. ಕುಂಟುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ದಿನವೂ ಮೈಮೇಲೆ ಓಡಾಡುವ ಕೈಗೆ ಮಾತ್ರ ಅದಕ್ಕಿಂತ ಮೊದಲೇ ಸುಳಿವು ಸಿಗುತ್ತದೆ. ಮಾಲೀಸಿನ ದೊಡ್ಡ ಲಾಭ ಇದೇ ಎನ್ನಬಹುದು. ಸ್ನಾಯು ಎಷ್ಟು ಸಡಿಲಾಯಿತು ಎಂಬುದರ ಬಗ್ಗೆ ತಕರಾರು ಇರಬಹುದು, ಈ ಸುಳಿವಿನ ಬಗ್ಗೆ ಇಲ್ಲ.

ತಕರಾರು ಇದೆ ಎಂಬುದನ್ನು ಮುಚ್ಚಿಡಬೇಕಿಲ್ಲ, ಪುರಾವೆಯೂ ಇಲ್ಲದಿಲ್ಲ. ಕುದುರೆಗಳು ಎದುರುಬದುರು ನಿಂತು, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಎತ್ತರದ ಜಾಗವನ್ನು ಪರಸ್ಪರ ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುವುದನ್ನು ಲಾಯದಲ್ಲಿ ಇದ್ದವರೆಲ್ಲ ನೋಡಿರುತ್ತಾರೆ. ಆ ಜಾಗವನ್ನು ಕೈಯಿಂದ ಕೆರೆದರೆ ಎದೆಬಡಿತ ಇಳಿಯುತ್ತದೆ ಎಂದು ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ ಅಧ್ಯಯನ 1993ರಲ್ಲಿ ತೋರಿಸಿತು. ಬೇರೆ ಜಾಗದಲ್ಲಿ ಕೆರೆದಾಗ ಹಾಗಾಗಲಿಲ್ಲ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಸವಾರಿ ಶಾಲೆಯ ಕುದುರೆಗಳ ಮೇಲೆ ಮಾಡಿದ ಸಣ್ಣ ಪ್ರಯೋಗದಲ್ಲೂ ಮಾಲೀಸಿನಿಂದ ಎದೆಬಡಿತ ಇಳಿಯಿತು. ನೋವಿನ ವಿಷಯಕ್ಕೆ ಬಂದರೆ 2008ರಲ್ಲಿ ಅಮೆರಿಕದಲ್ಲಿ 38 ಕುದುರೆಗಳ ಬೆನ್ನಿಗೆ ಉಪಕರಣದಿಂದ ಒತ್ತಡ ಕೊಟ್ಟು, ಎಷ್ಟರವರೆಗೆ ತಡೆದುಕೊಳ್ಳುತ್ತವೆ ಎಂದು ಅಳೆದರು. ವಾರದ ನಂತರ ಮತ್ತೆ ಅಳೆದಾಗ ತಡೆದುಕೊಳ್ಳುವ ಮಿತಿ ಮಾಲೀಸು ಮಾಡಿದ ಗುಂಪಿನಲ್ಲಿ ಶೇ 12, ಫಿನೈಲ್‌ಬ್ಯುಟಜೋನ್ ಎಂಬ ನೋವುನಿವಾರಕ ಕೊಟ್ಟ ಗುಂಪಿನಲ್ಲಿ ಶೇ 8 ಹೆಚ್ಚಿತ್ತು. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಸರಿಪಡಿಸುವ ಕೈರೊಪ್ರ್ಯಾಕ್ಟಿಕ್ ಪದ್ಧತಿ ಎರಡನ್ನೂ ಹಿಂದೆ ಹಾಕಿ ಶೇ 27 ತಲುಪಿತು. ಆದರೆ ಅವೆಲ್ಲ ಆರೋಗ್ಯವಾಗಿದ್ದ ಕುದುರೆಗಳು, ಬೆನ್ನುನೋವಿನಿಂದ ನರಳುತ್ತಿದ್ದವಲ್ಲ. 2009ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು, ಲಕ್ಷಣಗಳು ಒಳ್ಳೆಯವು, ಪುರಾವೆ ಇನ್ನೂ ಸಾಲದು ಎಂಬಲ್ಲಿಗೆ ನಿಂತಿತು.

ಈ ವೃತ್ತಿಯ ಜಾಹೀರಾತುಗಳು ಅಲ್ಲಿಗೆ ನಿಲ್ಲುವುದಿಲ್ಲ. ಸ್ನಾಯುಗಳಲ್ಲಿ ಕೂಡಿಕೊಂಡ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತೇವೆ, ವಿಷ ಹೊರಹಾಕುತ್ತೇವೆ ಎಂಬ ಮಾತುಗಳು ಬೇಕಾದಷ್ಟು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು ಮನುಷ್ಯರ ಮೇಲೆ ಪರೀಕ್ಷಿಸಿದಾಗ, ವ್ಯಾಯಾಮದ ಬೆನ್ನಲ್ಲೇ ಮಾಡಿದ ಮಾಲೀಸು ಲ್ಯಾಕ್ಟಿಕ್ ಆಮ್ಲ ಹೊರಹೋಗುವುದನ್ನು ನಿಧಾನಿಸಿತೇ ಹೊರತು ಚುರುಕುಗೊಳಿಸಲಿಲ್ಲ. ಕುದುರೆಗೆ ಬೇರೆ ನಿಯಮ ಇರಲಾರದು. ಮಾಲೀಸು ಮಾಡಲೇಬಾರದ ಸಂದರ್ಭಗಳೂ ಇವೆ. ಜ್ವರ ಬಂದಾಗ ಬೇಡ. ಹೊಟ್ಟೆಶೂಲೆಯಿಂದ ನೆಲದ ಮೇಲೆ ಹೊರಳುವ ಕುದುರೆಗೆ ಬೇಕಾದದ್ದು ಪಶುವೈದ್ಯ. ಗೊರಸಿನ ಒಳಪದರಕ್ಕೆ ಉರಿಯೂತ ತಗಲಿ ಹೆಜ್ಜೆ ಎತ್ತಿಡಲಾಗದ ಕುದುರೆಯನ್ನು, ರಜೆಯ ನಂತರದ ದುಡಿತದಲ್ಲಿ ಪಿರ್ರೆಯ ಸ್ನಾಯುಗಳು ಒಮ್ಮೆಲೇ ಸೆಟೆದು ಮೂತ್ರ ಕಂದುಬಣ್ಣಕ್ಕೆ ತಿರುಗಿದ ಕುದುರೆಯನ್ನು ಮುಟ್ಟಿ ತಿಕ್ಕುವುದು ಅಪಾಯ. ಹುಳುಕಡ್ಡಿ ಇದ್ದರೆ ಕೈ ಅದನ್ನು ಲಾಯದಿಂದ ಲಾಯಕ್ಕೆ ಹೊತ್ತೊಯ್ಯುತ್ತದೆ. ಮೂಗಿನಿಂದ ಕೀವು ಸೋರಿಸುತ್ತಾ ಬರುವ ಗ್ಲ್ಯಾಂಡರ್ಸ್ ಇನ್ನೂ ಭಯಂಕರ. ಅದು ಮನುಷ್ಯನಿಗೂ ಅಂಟಿ ಜೀವ ತೆಗೆಯಬಲ್ಲದು, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಕೈಗುಣ ಎಷ್ಟೇ ಚೆನ್ನಾಗಿದ್ದರೂ ಇಷ್ಟು ತಿಳಿಯದವನು ಕುದುರೆಯ ಮೈ ಮುಟ್ಟಬಾರದು. ತರಬೇತಿ ಬೇಕು ಎನ್ನುವುದು ಇದಕ್ಕೇ.

ಮಾಲೀಸಿಗಿಂತ ಮೊದಲು ಸರಿಯಾಗಬೇಕಾದ ಬಾಬತ್ತುಗಳೂ ಇವೆ, ಅವನ್ನು ಬಿಟ್ಟು ಇದನ್ನು ಹಿಡಿದರೆ ಬೇರು ಕೊಳೆತ ಗಿಡದ ಎಲೆ ಒರೆಸಿದಂತೆ. ಬೆನ್ನಿಗೆ ಒಪ್ಪದ ಜೀನು ದಿನವೂ ಅದೇ ಜಾಗ ಕಚ್ಚುತ್ತಿದ್ದರೆ ಯಾವ ತೀಡುವಿಕೆಯ ಫಲವೂ ನಿಲ್ಲುವುದಿಲ್ಲ. ಮದುವೆ ಕುದುರೆಯ ಜೀನು ಹೆಚ್ಚಾಗಿ ಅಲಂಕಾರದ ಸಾಮಾನು. ಒಳಗಿನ ಮೆತ್ತೆ ಗಂಟುಗಟ್ಟಿರುತ್ತದೆ, ಮೇಲೆ ಮಿಂಚುವ ಬಟ್ಟೆ ಹೊಸದಿರುತ್ತದೆ. ಗೊರಸು ಕಾಲಕಾಲಕ್ಕೆ ಕತ್ತರಿಸಬೇಕು, ಹಲ್ಲಿನ ಚೂಪು ಅರದಿಂದ ತೇಯಿಸಬೇಕು, ಡಾಂಬರು ರಸ್ತೆಯಲ್ಲಿ ಕುಣಿಸುವುದನ್ನು ಬಿಡಬೇಕು. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಸತತ ಐದು ಗಂಟೆ ಮೀರಬಾರದು, ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ತಟ್ಟುವಿನ ಬೆನ್ನಿಗೆ ಹೇರಬಹುದಾದ ಹೊರೆ 70 ಕಿಲೋ. ಬಳ್ಳಾರಿ ಸೀಮೆಯ ಏಪ್ರಿಲ್, ಮೇ ತಿಂಗಳು ಕಂಡವರಿಗೆ 37 ಡಿಗ್ರಿ ಎಂದರೆ ತಂಪು! ಹಾಗೆ ನೋಡಿದರೆ ಬೇಸಗೆಯ ಉದ್ದಕ್ಕೂ ಮಧ್ಯಾಹ್ನ ಇಲ್ಲಿ ಗಾಡಿಕುದುರೆ ನೆರಳಲ್ಲಿರಬೇಕು. ನಿಯಮದ ಭಾಷೆ ಗಾಡಿ ಮತ್ತು ಹೊರೆಯದು. ಮದುಮಗನನ್ನು ಹೊತ್ತು ಬಿಸಿಲಲ್ಲಿ ನಿಂತ ಕುದುರೆಗೂ ಅದೇ ಅಳತೆ ಅನ್ವಯಿಸಲು ಯಾರ ಅಡ್ಡಿಯೂ ಇಲ್ಲ, ನೋಡುವವರಿಲ್ಲ ಅಷ್ಟೆ.

ಕುದುರೆಗಳೇ ಕಡಿಮೆಯಾಗುತ್ತಿರುವಾಗ ಈ ಉಸಾಬರಿ ಯಾಕೆ ಎನ್ನಬಹುದು. ಲೆಕ್ಕ ನಿಜ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 6.25 ಲಕ್ಷದಷ್ಟಿದ್ದ ಕುದುರೆ ಮತ್ತು ತಟ್ಟುಗಳು 2019ರ ಗಣತಿಯ ಹೊತ್ತಿಗೆ 3.4 ಲಕ್ಷಕ್ಕೆ ಇಳಿದವು. ಏಳು ವರ್ಷಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇಲ್ಲವಾದವು. ಕುದುರೆ ಕಡಿಮೆಯಾದಂತೆ ಕುದುರೆ ಬಲ್ಲವರೂ ಕಡಿಮೆಯಾಗುತ್ತಾರೆ. ಉಳಿದ ಕುದುರೆಗಳು ಏನೂ ಗೊತ್ತಿಲ್ಲದವರ ಕೈಗೆ ಬೀಳುತ್ತವೆ. ಟಾಂಗಾ ಓಡಿಸುತ್ತಿದ್ದ ತಂದೆ ಗೊರಸಿನ ವಾಸನೆಯಲ್ಲೇ ಕೊಳೆತ ಹಿಡಿಯುತ್ತಿದ್ದ. ಮಗ ಅದೇ ಕುದುರೆಯನ್ನು ಮದುವೆಗೆ ಬಾಡಿಗೆಗೆ ಬಿಡುತ್ತಾನೆ, ಫೋನಿನಲ್ಲಿ ಬುಕಿಂಗ್ ಹಿಡಿಯುವುದು ಬಲ್ಲ, ಗೊರಸು ಎತ್ತಿ ನೋಡುವುದು ಅರಿಯ. ಸೈಸುಗಳ ಮಾಲೀಸು ಹೀಗೆ ಒಂದು ತಲೆಮಾರಿನಲ್ಲಿ ಮರೆತುಹೋಗುವ ವಿದ್ಯೆ.

ಈ ವಿದ್ಯೆಗೆ ಕಾನೂನಿನ ಮಾನ್ಯತೆ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಪಶುವೈದ್ಯ ವೃತ್ತಿ ನೋಂದಾಯಿತ ವೈದ್ಯರಿಗೆ ಮೀಸಲು, ಅದು ಸರಿಯೇ. ಮಾಲೀಸು ಮಾಡುವವರ ಬಗ್ಗೆ ಮಾತಿಲ್ಲ. ಹಾಗಾಗಿ ಯಾರು ಬೇಕಾದರೂ ನಾಲ್ಕು ವಿಡಿಯೋ ನೋಡಿ ಚಿಕಿತ್ಸಕ ಎಂದು ಫಲಕ ಹಾಕಿಕೊಳ್ಳಬಹುದು, ಇಪ್ಪತ್ತು ವರ್ಷ ಕುದುರೆ ಉಜ್ಜಿದವನು ಕೂಲಿಯಾಗಿಯೇ ಉಳಿಯಬಹುದು. ಬ್ರಿಟನ್ನಿನಲ್ಲಿ ಪಶುವೈದ್ಯರಲ್ಲದವರು ಪ್ರಾಣಿಗಳಿಗೆ ಫಿಸಿಯೋಥೆರಪಿಯಂಥ ಚಿಕಿತ್ಸೆ ಮಾಡಬೇಕಾದರೆ ಪಶುವೈದ್ಯರ ನಿರ್ದೇಶನ ಬೇಕು. ನಮಗೂ ಆ ಮಾದರಿ ಸಾಕು: ರೋಗ ಹೇಳುವುದು ವೈದ್ಯರ ಕೆಲಸ, ಕೈಯಿಡುವುದು ತರಬೇತಾದ ಸೈಸಿನ ಕೆಲಸ, ಅನುಮಾನ ಬಂದರೆ ಕೈ ತೆಗೆದು ವೈದ್ಯರಿಗೆ ಫೋನು.

ಕಲಿಸುವ ಸಂಸ್ಥೆ ಹುಡುಕಬೇಕಾಗಿಲ್ಲ. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಕಾಲೇಜುಗಳಿವೆ. ಗದಗ ಹೊಸಪೇಟೆಗೆ ರೈಲಿನ ದಾರಿ. ಕುಣಿಗಲ್ಲಿನಲ್ಲಿ ಹೈದರ್-ಟಿಪ್ಪು ಕಾಲದಿಂದಲೂ ಹೆಸರಾದ ಕುದುರೆ ಫಾರಂ ಇದೆ. ಮೈಸೂರಿನಲ್ಲಿ ದಸರಾ ಮೆರವಣಿಗೆಗೆ ಇಳಿಯುವ ಪೊಲೀಸ್ ಅಶ್ವದಳ ಇದೆ, 1891ರಲ್ಲಿ ಹುಟ್ಟಿದ ರೇಸ್ ಕ್ಲಬ್ ಇದೆ. ಅಲ್ಲಿನ ಹಿರಿಯ ಸೈಸುಗಳನ್ನು ಗುರುಗಳಾಗಿ ಕೂರಿಸಿ, ಪಶುವೈದ್ಯರು ಅಂಗರಚನೆ ಮತ್ತು ರೋಗಲಕ್ಷಣ ಕಲಿಸಿ, ಕನ್ನಡ ಮತ್ತು ದಖನಿ ಉರ್ದುವಿನಲ್ಲಿ ಪಾಠ ಮಾಡಿದರೆ ಓದು ಬರದವರೂ ಕಲಿಯಬಲ್ಲರು. ಸಂಡೂರಿಗೆ ಇದು ಅರ್ಥವಾಗದ ಮಾತಲ್ಲ. ಇಲ್ಲಿನ ಲಂಬಾಣಿ ಹೆಂಗಸರು ತಾಂಡಾಗಳಲ್ಲಿ ತಮಗಾಗಿ ಹೊಲಿದುಕೊಳ್ಳುತ್ತಿದ್ದ ಕಸೂತಿಗೆ ಸಂಡೂರು ಕುಶಲ ಕಲಾ ಕೇಂದ್ರ ನೆಲೆ ಕೊಟ್ಟಿತು, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಬಂತು, ಕೈಕೆಲಸ ಕಸುಬಾಗಿ ಕೂಲಿ ಹೆಚ್ಚಿತು. ಕುದುರೆ ತಿಕ್ಕುವ ಕೈಗೆ ಅಂಥದೊಂದು ನೆಲೆ ಸಿಕ್ಕಿಲ್ಲ.

ದೊಡ್ಡ ಯೋಜನೆಯೂ ಬೇಕಾಗಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಮೆರವಣಿಗೆ ಇಲ್ಲ. ಬಾಡಿಗೆ ಕುದುರೆಗಳು ಹಿತ್ತಲಲ್ಲಿ ಕಟ್ಟಿಸಿಕೊಂಡು ಕರ್ಚಿನ ಬಾಬತ್ತಾಗಿ ನಿಂತಿರುತ್ತವೆ, ಸಾಕಿದವರ ಕೈ ಬರಿದಾಗಿರುತ್ತದೆ. ಆ ತಿಂಗಳಲ್ಲಿ ಹೊಸಪೇಟೆಯ ಪಶು ಆಸ್ಪತ್ರೆಯಲ್ಲಿ ಹದಿನೈದು ದಿನದ ಶಿಬಿರ ನಡೆಸಬಹುದು. ಬಂದವರಿಗೆ ದಿನಗೂಲಿ, ಕುದುರೆಗೆ ಹುರುಳಿ ಮತ್ತು ಹುಲ್ಲು ಕೊಟ್ಟರೆ ಸಂಡೂರು, ಕಂಪ್ಲಿಯವರೂ ಬರುತ್ತಾರೆ. ಮೊದಲ ಎರಡು ದಿನ ಬರೀ ಜೀನು ಬಿಚ್ಚಿಸಿ ಮೆತ್ತೆ ನೋಡುವುದು, ಗೊರಸು ಎತ್ತಿಸುವುದು. ಆಮೇಲೆ ಕೈ ಕೆಲಸ. ಕೊನೆಗೆ ಪ್ರಮಾಣಪತ್ರ, ಕುದುರೆಗೊಂದು ಆರೋಗ್ಯ ಚೀಟಿ. ಕಲ್ಯಾಣ ಮಂಟಪಗಳು ಕುದುರೆ ತರಿಸುವಾಗ ಆ ಚೀಟಿ ಕೇಳಲಿ, ಮೆರವಣಿಗೆಗೆ ಅನುಮತಿ ಕೊಡುವ ಪೊಲೀಸರೂ ಕೇಳಲಿ. ಶಿಬಿರದ ಕರ್ಚನ್ನು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಭರಿಸಬಹುದೇ ಎಂದು ಬಳ್ಳಾರಿ ಮತ್ತು ವಿಜಯನಗರದ ಜಿಲ್ಲಾಧಿಕಾರಿಗಳು ಪರಿಶೀಲಿಸಲಿ. ಸಂಡೂರಿನ ಅದಿರಿನಿಂದ ಆ ನಿಧಿಗೆ ಬರುವ ಹಣದ ಮುಂದೆ ಹದಿನೈದು ದಿನದ ಹುರುಳಿ ಮತ್ತು ದಿನಗೂಲಿ ಲೆಕ್ಕಕ್ಕೇ ಬರುವುದಿಲ್ಲ.